ಸ್ತಾನಾರ ದನಿಗೆ ತೆರೆದ ಬಾಗಿಲು

ಪ್ರೀತಿಯ ಝ್ಲಾತಾ ಚಿಕ್ಕಮ್ಮ,

ನಿಮ್ಮೆದುರು ನಿಂತರೆ ನನ್ನ ಮಾತು ಗಂಟಲಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಸುದ್ದಿ ಕೇಳಿ: ನಿಮ್ಮ ತಂಗಿ ಸ್ತಾನಾರ ದನಿ ಸಿಕ್ಕಿದೆ! ಉಸಿರೆಳೆದುಕೊಳ್ಳುವ ಸದ್ದಿನ ಸಮೇತ.

ಸೋಫಿಯಾದಿಂದ ಬಂದ ತಂತ್ರಜ್ಞ ನಮ್ಮ ವಾಚನ ಮಂದಿರದ ಒಂದೇ ಕಂಪ್ಯೂಟರಿಗೆ ಹೊಸ ಕಾರ್ಯವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್, ಹಾಕಿದ ದಿನ ನಾನು ಕಪಾಟಿನ ಪಕ್ಕದಲ್ಲಿ ನಿಂತು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ನನ್ನ ಪುಸ್ತಕ ಕೊಡುವ ಕೆಲಸಕ್ಕೆ ಹೊಸದು ಬೇಕೇ ಬೇಕಿತ್ತು. ಆದರೆ ಗುಂಡಿ ಒತ್ತಿದಾಗಲೆಲ್ಲ ಅದೊಂದೇ ತೆರೆದುಕೊಳ್ಳುತ್ತಿತ್ತು. ಸ್ತಾನಾರ ಹಾಡುಗಳನ್ನು ರೆಕಾರ್ಡ್ ಮಾಡಿಟ್ಟಿದ್ದ ತಂತ್ರಾಂಶ ನಡೆಯುತ್ತಿದ್ದುದು ಹಳೆಯದರಲ್ಲಿ, ಅದರ ಸುಳಿವೇ ಇರಲಿಲ್ಲ.

"ಹಳೇದು ಹೋಯ್ತು ಅಂದ್ಕೊಳ್ಳಿ ಅಮ್ಮಾ. ಇನ್ನೊಂದ್ಸಲ ಹಾಡಿಸಿ ರೆಕಾರ್ಡ್ ಮಾಡ್ಕೊಳ್ಳಿ," ಅಂದ ಅವನು.

"ಯಾರ ಹತ್ರ ಹಾಡಿಸ್ಲಪ್ಪಾ? ಹಾಡೋಳು ಮಣ್ಣಲ್ಲಿ ಮಲಗಿದಾಳೆ," ಅಂದಿರಿ ನೀವು. ಶಾಲು ಹೊದ್ದು ಹೊರಟುಹೋದಿರಿ. ಇನ್ನು ಹಾಡುವುದಿಲ್ಲ ಎಂದು ಹೇಳಿ ಕಳಿಸಿದಿರಿ.

ಡಿಸ್ಕಿನ ಅರ್ಧ ಇನ್ನೂ ತುಂಬಿಯೇ ಇತ್ತು ಚಿಕ್ಕಮ್ಮ. ಹಳೆಯದು ಒಳಗೇ ಇದೆ, ಅದನ್ನು ಎಬ್ಬಿಸುವವರಿಲ್ಲ ಅಷ್ಟೇ ಅನ್ನಿಸಿತು. ಬೂಟ್ ಮ್ಯಾನೇಜರ್ ಎಂಬ ಪುಟ್ಟ ತಂತ್ರಾಂಶವೊಂದಿದೆ. ಎಲ್ಲರಿಗಿಂತ ಮೊದಲು ಎದ್ದು, ಒಳಗಿರುವವರಲ್ಲಿ ಯಾರು ಬೇಕೆಂದು ಕೇಳಿ, ಅವರನ್ನು ಎಬ್ಬಿಸುವುದು ಅದರ ಕೆಲಸ. ಸಾಹಿತ್ಯ ಓದಿದ ನಾನು ಅದರ ಬೆನ್ನು ಹತ್ತಿದೆ. ನಿಮ್ಮ ಹಾಡಿನ ಮೇಳದ ರುಸಾಂಕಾ, ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ತಿನ್ನುತ್ತಲೇ ಕಾಲೆಳೆದರು: "ಒಂದೇ ಮನೇಲಿ ಇಬ್ರು ಸೊಸೇರು! ನ್ಯಾಯ ಹೇಳೋಳು ನೋಡಿದ್ರೆ ಜೋರಾಗಿ ಸೀನೋಕೂ ನಾಚ್ಕೋತಾಳೆ!"

ಏನು ಮಾಡಿದರೂ ಪಟ್ಟಿಯಲ್ಲಿ ಹೊಸದರ ಹೆಸರೊಂದೇ. ಕೊನೆಗೆ ಅದರ ನಿಯಮಗಳನ್ನೇ ಪದ್ಯ ಓದುವ ಹಾಗೆ ಒಂದೊಂದೇ ಪದ ಹಿಡಿದು ಓದಿದೆ. ಅಲ್ಲಿತ್ತು ಆ ಸಾಲು: ಬೇರೆ ವ್ಯವಸ್ಥೆಗಳನ್ನು ಹುಡುಕಬೇಡ. ನೆರೆಯವರತ್ತ ಕಣ್ಣೆತ್ತಬಾರದೆಂದು ಮೊದಲೇ ಅಪ್ಪಣೆಯಾಗಿತ್ತು! ಅದನ್ನು 'ಹುಡುಕು' ಎಂದು ತಿದ್ದಿ ಮತ್ತೆ ಓಡಿಸಿದೆ. ಕಪ್ಪು ಪರದೆಯ ಮೇಲೆ ಹಳೆಯದರ ಹೆಸರು ಮೂಡಿತು. ನಾನು ಕಿರುಚಿದೆ. ಹೌದು, ನಾನೇ, ವಾಚನ ಮಂದಿರದಲ್ಲಿ! ರುಸಾಂಕಾ ತಟ್ಟೆ ಬಿಟ್ಟು ನನ್ನ ಸೊಂಟ ಹಿಡಿದು ಕುಣಿಸಿಬಿಟ್ಟರು.

"ಹಿರೀ ಸೊಸೆ ಹೆಸರು ಮೇಲೆ ಹಾಕೇ," ಎಂದು ಹಟ ಹಿಡಿದರು. ಹಾಕಿದೆ. ಆರಿಸಲು ಹತ್ತು ಸೆಕೆಂಡು ಎಂದಿದ್ದ ಗಡುವನ್ನು ತೆಗೆದೇಬಿಟ್ಟೆ. ನೀವು ಕನ್ನಡಕ ಹುಡುಕುವವರೆಗೂ ಅದು ಕಾಯುತ್ತದೆ.

ಆಮೇಲೆ ಮೇಳದವರೆಲ್ಲ ಸುತ್ತ ನಿಂತಾಗ, ಸ್ತಾನಾರ ದನಿಯನ್ನಷ್ಟೇ ಬೇರೆ ಮಾಡಿಟ್ಟ ಹಾಡನ್ನು ಹಾಕಿದೆ. ನೀವು ಒಂದು ಸಾಲು ಹಾಡಿದರೆ ಅವರು ಅದೇ ಸಾಲನ್ನು ಮರಳಿ ಹಾಡುತ್ತಿದ್ದರಲ್ಲ, ಆ ಕೊಯ್ಲಿನ ಹಾಡು. ಅವರ ಒಂದು ಸಾಲು, ಆಮೇಲೆ ಮೌನ. ಮತ್ತೊಂದು ಸಾಲು, ಮತ್ತೆ ಮೌನ. ಆ ಮೌನ ನಿಮ್ಮ ಸಾಲಿನಷ್ಟೇ ಉದ್ದವಿತ್ತು. ಅಷ್ಟು ಜನ ಹಾಡುಗಾರ್ತಿಯರಿದ್ದರೂ ಯಾರೂ ಅದರೊಳಗೆ ಬಾಯಿ ತೆರೆಯಲಿಲ್ಲ. ಬಾಯಿಬಡುಕಿ ರುಸಾಂಕಾ ಕೂಡ.

ಗುರುವಾರ ಸಂಜೆ ಅಭ್ಯಾಸವಿದೆ. ನಿಮ್ಮ ತಂಗಿ ನಿಮಗೆ ಜಾಗ ಬಿಟ್ಟು ಹಾಡುತ್ತಿದ್ದಾರೆ. ಬನ್ನಿ.

ನಿಮ್ಮ ಕಂಠಕ್ಕೆ ದೀರ್ಘಾಯುಸ್ಸು ಕೋರುತ್ತ,
ಈ ಸಲ ಗಟ್ಟಿಯಾಗಿಯೇ ಕರೆಯುತ್ತಿರುವ
ದೆನಿತ್ಸಾ