ಹಿತ್ತಾಳೆ ಹೆಲ್ಮೆಟ್ಟಿನೊಳಗೆ

ಜನವರಿ 6, ರಾತ್ರಿ 11.20

ಮತ್ತೆ ಭುಜ ಹಿಡಿದಿದೆ. ಮಲಗಿಕೊಂಡೇ ಫೋನಿನಲ್ಲಿ ರೆಕಾರ್ಡ್... ಇವತ್ತು ಶಾಲೆ ಮಕ್ಕಳು. ಒಬ್ಬ ಹೊಟ್ಟೆಗೆ ತಿವಿದು, "ಲೇ, ಗೊಂಬಿ ಮೆತ್ತಗೈತಿ!" ಅಂದ. ಅಲುಗಲಿಲ್ಲ. ಅದೇ ಕೆಲಸ. ವಿದ್ಯಾಗಿರಿಯ ಡೈವಿಂಗ್ ಮ್ಯೂಸಿಯಂನಲ್ಲಿ ಹಳೇ ಕಾಲದ ಮುಳುಗುಗಾರನ ಡ್ರೆಸ್ ಹಾಕಿಕೊಂಡು ಗೊಂಬೆಯ ಹಾಗೆ ನಿಲ್ಲುವುದು. ಹಿತ್ತಾಳೆ ಹೆಲ್ಮೆಟ್, ಸೀಸದ ಬೂಟು, ಉಸಿರಿಗೆ ಪುಟ್ಟ ಫ್ಯಾನ್. ಬೋಲ್ಟ್ ಬಿಚ್ಚಲು ಜೊತೆ ಕೆಲಸದ, ರೂಮಿನಲ್ಲೂ ಜೊತೆಗಿರುವ ಚೇತ್ಯಾನೇ ಬರಬೇಕು. ಅಲುಗಿದರೆ ನೌಕರಿ ಇಲ್ಲ — ಮ್ಯಾನೇಜರ್ ಶಿವಪ್ರಕಾಶ ಸರ್ ಮೊದಲ ದಿನವೇ ಹೇಳಿದ್ದು.

ಇಳಕಲ್ಲಿಗೆ ಅಮ್ಮನಿಗೆ ಒಂದೇ ಫೋಟೊ ಕಳಿಸಿದ್ದೆ. ಓಣಿಗೆಲ್ಲ ಸುದ್ದಿ, ಮುನಾಫ ಡ್ಯಾಮಿನ ತಳಕ್ಕೆ ಇಳಿಯುತ್ತಾನೆ ಅಂತ. ನಾನೂ ಅಲ್ಲ ಅನ್ನಲಿಲ್ಲ. ಅದರ ಮೇಲೇ ಬಾದಾಮಿಯಿಂದ ಮದುವೆ ಸಂಬಂಧ. ಹುಡುಗಿ ನಿಖತ. ಫೋನಿನಲ್ಲಿ ಕೇಳಿದಳು, "ತಳದಾಗ ಹೆಂಗಿರತೈತಿ?"

"ಕತ್ತಲ," ಅಂದೆ.

ಜನವರಿ 9, ರಾತ್ರಿ 11

ನಿಖತಳ ಅಬ್ಬಾ ಯಾಕೂಬಸಾಬರು ನಾಡಿದ್ದು ಮ್ಯೂಸಿಯಂಗೆ ಬರುತ್ತಾರಂತೆ. ಅಳಿಯನಾಗುವವನ ಮುಳುಗುವ ಕೆಲಸ ಎಂಥದ್ದು ಅಂತ ಅಲ್ಲಿ ನೋಡಬೇಕಂತೆ. "ನಾ ಅವತ್ತ ನೀರಾಗ ಡ್ಯೂಟಿ ಇರ್ತೇನ್ರಿ ಚಾಚಾ, ಸಿಗಂಗಿಲ್ಲ" ಅಂದೆ.

ಚೇತ್ಯಾ ಬಿದ್ದು ಬಿದ್ದು ನಕ್ಕ. "ಲೇ, ಬಚ್ಚಲ ನೀರಿಗೂ ಅಂಜತಿ ನೀ!"

ರಜೆ ಕೇಳಿದೆ. ಭಾನುವಾರ ಇಲ್ಲ ಅಂದರು ಸರ್.

ಜನವರಿ 11, ರಾತ್ರಿ 9.50

ಬಂದರು. ಅಪ್ಪ, ಮಗಳು. ನಾನು ಒಳಗೆ. ಯಾಕೂಬಸಾಬರು ಗೋಡೆಯ ಬೋರ್ಡು ಒಂದೊಂದೇ ಓದಿದರು. ಗಾಳಿ ಪೈಪು ಹರಿದು ಸತ್ತವರು, ಗಡಬಡಿಸಿ ಮೇಲೆ ಬಂದು ಕೈಕಾಲು ಹೋದವರು... ಆಮೇಲೆ ನನ್ನ ಮುಂದೆ ನಿಂತರು.

"ಬ್ಯಾಡ ಬೇಟಿ. ನೀರಿಗೆ ಇಳಿದಾಂವ ಸಂಜೀಕ ಮನಿಗೆ ಬರ್ತಾನಂತ ಯಾರ ಹೇಳ್ಬೇಕು? ಈ ಸಂಬಂಧ ಬಿಟ್ಟಬಿಡೂಣು."

ಚಾಚಾ, ನನಗೆ ಈಜೇ ಬರೋದಿಲ್ಲ! ಗಂಟಲಲ್ಲಿತ್ತು. ಕೈ ಎತ್ತಿದ್ದರೂ ಸಾಕಿತ್ತು.

ಅಷ್ಟರಲ್ಲಿ ನಿಖತ — "ಅಬ್ಬಾ, ಅಂಗಡಿ ಗಲ್ಲೇದ ಮ್ಯಾಲೆ ಕುಂಡ್ರೋರ್ನ ಎಷ್ಟ ಮಂದೀನ ತೋರಿಸಿದಿ? ಒಲ್ಲೆ ಅಂದೆ. ಇವ ಎದಿಗಾರ ಅಂತನ ಹ್ಞೂಂ ಅಂದೇನಿ."

ಕೈ ಎತ್ತಲಿಲ್ಲ.

ಆಕೆ ಹೆಲ್ಮೆಟ್ಟಿನ ಮಸುಕು ಗಾಜಿನ ಹತ್ತಿರ ಮುಖ ತಂದಳು. ಬೆವರು ಕಣ್ಣಿಗಿಳಿಯಿತು. ತಡೆದೆ, ತಡೆದೆ... ಮಿಟುಕಿಸಿಬಿಟ್ಟೆ.

ಆಕೆ ಗಕ್ಕನೆ ಹಿಂದೆ ಸರಿದಳು. "ನಡಿ ಅಬ್ಬಾ, ಬಸ್ ತಪ್ಪತೈತಿ."

ಅದೇ ರಾತ್ರಿ, 10.15

ನಿಖತ ಈಗಷ್ಟೇ ಫೋನ್ ಇಟ್ಟಳು.

"ಆ ಹಿತ್ತಾಳಿ ಗಡಿಗ್ಯಾಗ ನೀನ ಇದ್ದಿ."

"ಹ್ಞೂಂ."

"ಈಜ ಬರತೈತಿ?"

"ಇಲ್ಲ."

ನಕ್ಕಳೋ ಅತ್ತಳೋ. "ಅಬ್ಬಾ ನಾಳೆ ನಿಮ್ಮ ಅಮ್ಮಗ ಫೋನ್ ಹಚ್ಚಿ ಬ್ಯಾಡ ಅಂತಾನ. ನಾ ಬಾಯಿ ಬಿಡಂಗಿಲ್ಲ. ಎದಿ ಇದ್ರ ನೀನ ಅಬ್ಬಾಗ ಹೇಳು. ಇನ್ನೂ ಎಚ್ಚರ ಅದಾನ."

ಹೇಳಿದರೆ ಓಣಿಗೆಲ್ಲ ನಗೆ. ಹೇಳದಿದ್ದರೆ ನಿಖತ ಇಲ್ಲ. ಹೇಳಿದರೂ ಇರುತ್ತಾಳೋ, ಇಲ್ಲವೋ. ಆಕೆ ಅದನ್ನು ಹೇಳಲಿಲ್ಲ.

ಚೇತ್ಯಾನ ಫೋನಿನಿಂದ ಚಾಚಾಗೆ ಹಚ್ಚಿದ್ದೇನೆ. ಈ ರೆಕಾರ್ಡಿಂಗ್ ಆನ್ ಇರಲಿ. ರಿಂಗ್ ಆಗುತ್ತಿದೆ...

ಸಲಾಂ ಚಾಚಾ. ನಾನ್ರಿ, ಮುನಾಫ. ಇವತ್ತ ನೀವು ಬ್ಯಾಡ ಅಂದಾಗ ನಿಮ್ಮ ಮುಂದ ನಿಂತಿದ್ದಾಂವ —