ಹೊಗೆಯಾಗದ ಎಣ್ಣೆ

ಹೊನೊಲುಲು
ಮಾರ್ಚ್ 9, ಭಾನುವಾರ

ಪ್ರೀತಿಯ ತಂಗಿ ಪುವಾ,

ಕಲೇಯೋ ಹೋಗಿ ವರ್ಷ ತುಂಬಿದ ದಿನದ ಪ್ರಾರ್ಥನೆಗೆ ನಾನು ಬರಲಿಲ್ಲವೆಂದು ಮುನಿಸಿಕೊಂಡಿದ್ದೀಯ. ಮಂಡಿನೋವು ಎಂದು ಫೋನಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ನಿನ್ನ ಗಂಡನ ಫೋಟೋದ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ.

ಗುರುವಾರದ ವಿಚಾರಣೆಯಲ್ಲಿ ವಿದ್ಯುತ್ ಕಂಪನಿಯವರು ಏನು ಹೇಳಲಿದ್ದಾರೆಂದು ನಿನಗೆ ಗೊತ್ತು. ಟ್ಯಾಂಕಿನ ತಳ ತೂತಾಗಿದ್ದು ನಿಜ, ನಿಮ್ಮ ಕೆಸುವಿನ ಗದ್ದೆಗೂ ಮನೆಗೂ ನೀರು ಕೊಡುವ ಊಟೆಗೆ ಡೀಸೆಲ್ ಸೇರಿದ್ದೂ ನಿಜ. ಆದರೆ ದಿನಾ ಎಣ್ಣೆ ಅಳೆಯುತ್ತಿದ್ದ ಕಲೇಯೋ ತಪ್ಪು ಬರೆದಿದ್ದರಿಂದ ತಮಗೆ ತಿಳಿಯಲಿಲ್ಲ ಎನ್ನುತ್ತಾರೆ. ಸತ್ತವನು ಎದ್ದು ಬಂದು ಜವಾಬು ಕೊಡುತ್ತಾನೆಯೇ? ಅದಕ್ಕೇ ಈ ಕಾಗದ.

"ನಮ್ಮಕ್ಕ ಸರ್ಕಾರಕ್ಕೆ ಹೊಗೆ ಎಣಿಸ್ಕೊಡ್ತಾಳೆ" ಎಂದು ನೀನು ಎಲ್ಲರೆದುರು ಆಡಿಕೊಳ್ಳುತ್ತಿದ್ದೆ. ಹೊಗೆಯನ್ನು ಯಾರೂ ಎಣಿಸುವುದಿಲ್ಲ ಪುವಾ. ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇಳಿಯಿತೋ ಅಷ್ಟೂ ಉರಿಯಿತೆಂದು ಹಿಡಿದು, ಗುಣಿಸಿ, ರಾಜ್ಯದ ಗಾಳಿಗೆ ಇಷ್ಟು ಟನ್ ಇಂಗಾಲದ ಡೈಆಕ್ಸೈಡ್ ಸೇರಿತು ಎಂದು ಬರೆಯುತ್ತೇವೆ. ನಿಮ್ಮ ದ್ವೀಪದ ವಿದ್ಯುತ್ ಸ್ಥಾವರದ ಲೆಕ್ಕ ನನ್ನ ಮೇಜಿನದು. ಕಲೇಯೋ ಬೆಳಿಗ್ಗೆ ಟ್ಯಾಂಕಿಗೆ ಅಳತೆಪಟ್ಟಿ ಇಳಿಬಿಟ್ಟು ಬರೆದ ಚೀಟಿಗಳೇ ಅದಕ್ಕೆ ಆಧಾರ.

ಹದಿನಾಲ್ಕು ತಿಂಗಳು ಎಣ್ಣೆ ಹೆಚ್ಚು ಇಳಿಯಿತು, ಕರೆಂಟು ಮಾತ್ರ ಹೆಚ್ಚಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. 'ಹಳೆಯ ಯಂತ್ರ, ಹೆಚ್ಚು ಎಣ್ಣೆ ಕುಡಿಯುತ್ತಿದೆ' ಎಂದು ಷರಾ ಬರೆದು ಕೈತೊಳೆದುಕೊಂಡೆ. ಮಣ್ಣಿಗೆ ಇಳಿಯುತ್ತಿದ್ದುದನ್ನು ಲೆಕ್ಕದಲ್ಲಿ ಆಕಾಶಕ್ಕೆ ಹತ್ತಿಸಿದೆ. ವರದಿ ಚೊಕ್ಕವಾಗಿದೆಯೆಂದು ಮೇಲಿನವರು ಹೊಗಳಿದರು, ಕಚೇರಿಯಲ್ಲಿ ಕೇಕು ಕತ್ತರಿಸಿದೆವು.

ಕಲೇಯೋ ಒಮ್ಮೆ ಫೋನು ಮಾಡಿದ್ದ. "ಅಕ್ಕಾ, ಯಂತ್ರ ಅಷ್ಟೊಂದು ಕುಡೀತಿಲ್ಲ. ಎಣ್ಣೆ ಬೇರೆಲ್ಲೋ ಹೋಗ್ತಿದೆ. ಇಲ್ಲಿ ಯಾರೂ ಕಿವಿಗೆ ಹಾಕ್ಕೊಳ್ತಿಲ್ಲ, ನೀವಾದ್ರೂ ಬರೀರಿ" ಎಂದ. ಮದುವೆಯ ದಿನ ಅವನು ಕುಡಿದು ಸಮುದ್ರಕ್ಕೆ ಬಿದ್ದದ್ದನ್ನು ಹೇಳಿಕೊಂಡು ನಗುವುದು ನನಗೆ ಚಾಳಿಯಾಗಿತ್ತಲ್ಲ. "ಯಂತ್ರ ಕುಡೀತಿಲ್ಲ ಅಂದ್ರೆ ನೀನೇ ಕುಡ್ದಿರ್ಬೇಕು ಬಿಡಪ್ಪ" ಎಂದುಬಿಟ್ಟೆ. ಅವನು ನಗಲಿಲ್ಲ. "ಪುವಾಗೆ ಹೇಳ್ಬೇಡಿ ಅಕ್ಕಾ, ಹೆದರ್ಕೋತಾಳೆ" ಎಂದು ಫೋನಿಟ್ಟ.

ಆಮೇಲಿನದು ನಿನಗೇ ಗೊತ್ತು. ಕೆಲಸದಿಂದ ತೆಗೆದರು, ಅವನು ಮೀನಿನ ದೋಣಿ ಹತ್ತಿದ, ದೋಣಿ ಬಂತು, ಅವನು ಬರಲಿಲ್ಲ. ಅದೇ ವಾರ ಅವನ ಹೆಸರಿನ ಊಟಕ್ಕೆ ನೀನು ಗದ್ದೆಯ ಕೆಸುವಿನ ಗಡ್ಡೆ ಬೇಯಿಸಿ, ಅರೆದು, ಪೋಯಿ ಮಾಡಿ ಬಡಿಸಿದೆ. ಏನೋ ವಾಸನೆ ಎಂದು ಪಕ್ಕದವರು ಪಿಸುಗುಟ್ಟಿದರು. ಅದು ಏನೆಂದು ಆ ಪಂಕ್ತಿಯಲ್ಲಿ ನನಗೊಬ್ಬಳಿಗೇ ಹೊಳೆಯಿತು. ತಲೆತಗ್ಗಿಸಿ ತಿಂದು ಎದ್ದೆ. ಊಟೆಯ ನೀರಿನ ಮೇಲೆ ಎಣ್ಣೆ ತೇಲಿ ನೀವೇ ಕಂಡುಹಿಡಿಯುವವರೆಗೆ, ಇನ್ನೂ ಏಳು ತಿಂಗಳು, ನೀವು ಅದೇ ನೀರು ಕುಡಿದಿರಿ. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ ಪುವಾ.

ಅವನ ಚೀಟಿಗಳು ನಾನೂರ ಹದಿನೆಂಟು. ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದೆ, ಒಂದರಲ್ಲೂ ತಪ್ಪಿಲ್ಲ. ನಕಲುಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಮೂಲ ಚೀಟಿಗಳನ್ನು ಗುರುವಾರ ನಾನೇ ತಂದು ಒಪ್ಪಿಸುತ್ತೇನೆ. ನನ್ನ ಕೆಲಸ ಹೋಗುತ್ತದೆ, ಹೋಗಲಿ. ವಿಮಾನ ನಿಲ್ದಾಣಕ್ಕೆ ನೀನು ಬರಬೇಡ.

ನಿನ್ನ ಅಕ್ಕ ಎನ್ನಿಸಿಕೊಂಡಿದ್ದ
ಮೋಮಿ

ತಾ.ಕ.: ಅವನನ್ನು ತೆಗೆದ ಪತ್ರದಲ್ಲಿದ್ದ 'ಅಳೆಯುವವನು ಕುಡಿದು ಬರುವ ಶಂಕೆಯಿದೆ' ಎಂಬ ಸಾಲು ಯಾರ ಬಾಯಿಂದ ಬಂತೆಂದು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳುತ್ತಿದ್ದೀಯ. ಅವನ ಫೋನು ಬಂದ ಮರುವಾರ ಎಣ್ಣೆಯ ವ್ಯತ್ಯಾಸಕ್ಕೆ ಕಾರಣವೇನೆಂದು ನಮ್ಮ ಮೇಲಧಿಕಾರಿ ಕೇಳಿದರು. ಪರೀಕ್ಷಿಸದೆ ಷರಾ ಬರೆದ ತಪ್ಪು ನನ್ನ ತಲೆಗೆ ಬಂದೀತೆಂದು ಹೆದರಿ ಆ ಸಾಲು ಬರೆದುಕೊಟ್ಟವಳು ನಾನು. ಅವರು ಅದನ್ನು ಹಾಗೆಯೇ ಕಂಪನಿಗೆ ಕಳಿಸಿದರು. ಅದರ ನಕಲನ್ನೂ ಚೀಟಿಗಳ ಕೆಳಗೆ ಇಟ್ಟಿದ್ದೇನೆ.