ಸಂಸೆಯಿಂದ ಪ್ರಾಗ್‌ಗೆ ಮೂರು ದಾರಿ

ಸಂಸೆಯ ವಿಶಾಲಾಕ್ಷಿಗೆ,

ಚಿಕ್ಕಮಗಳೂರಿನಿಂದ ಗಿರಿಜೆಯ ನಮಸ್ಕಾರ, ಅದರ ಹಿಂದೆಯೇ ಅಷ್ಟೇ ತೂಕದ ಬೈಗುಳ. ನಮಸ್ಕಾರ ನೀನು ನನಗಿಂತ ಆರು ತಿಂಗಳು ದೊಡ್ಡವಳು ಎಂಬುದಕ್ಕೆ. ಬೈಗುಳ ಯಾಕೆಂದು ನಿನಗೇ ಗೊತ್ತು.

ಫೋನ್ ಮಾಡದೆ ಕಾಗದ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ನಾನು ಪ್ರಾಗ್ ಅಂದರೆ ನೀನು ಮಳೆ ಅನ್ನುತ್ತೀಯ, ವೀಸಾ ಅಂದರೆ ಮೆಣಸಿನ ಬಳ್ಳಿಗೆ ರೋಗ ಅನ್ನುತ್ತೀಯ, ಇನ್ನೂ ಒತ್ತಾಯಿಸಿದರೆ ನೆಟ್‌ವರ್ಕ್ ಹೋಗುತ್ತದೆ. ಸಂಸೆಯಲ್ಲಿ ನೆಟ್‌ವರ್ಕ್ ಹೋಗುವುದು ಹೊಸದೇನಲ್ಲ. ನಿನಗೆ ಬೇಕಾದ ಹೊತ್ತಿಗೆ ಸರಿಯಾಗಿ ಹೋಗುವುದು ಮಾತ್ರ ಈ ವರ್ಷದಿಂದ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ. ಬೇಸರ ಬಂದರೆ ಮಡಚಿಡು, ನಾಳೆ ಮುಂದಕ್ಕೆ ಓದು.

ನನಗೆ ದಣಿವಾಗಿದೆ ವಿಶಾಲೂ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಪೈಪು, ಪಂಪು, ಸ್ಪ್ರಿಂಕ್ಲರ್ ಮಾರುತ್ತಾ ಹಗಲೆಲ್ಲ ನಿಂತರೂ ಆಗದ ದಣಿವು ಒಂದು ಊರಿಗೆ ಹೋಗುವ ದಾರಿ ಹುಡುಕಿ ಆಗಿದೆ. ಇನ್ನೂ ಮನೆ ಮೆಟ್ಟಿಲು ಇಳಿದಿಲ್ಲ, ಆಗಲೇ ಹೋಗಿ ಬಂದಷ್ಟು ಸುಸ್ತು. ನಮ್ಮನೆಯವರು, "ನೀವಿಬ್ರು ಕೇರಂ ಆಡಕ್ಕೆ ಹೊರಟಿದ್ದೀರೋ, ಕೈಲಾಸಕ್ಕೋ?" ಎಂದು ದಿನಾ ಕೇಳುತ್ತಾರೆ.

ಜನವರಿಯಲ್ಲಿ ಹಿರಿಯ ಮಹಿಳೆಯರ ಡಬಲ್ಸ್‌ನಲ್ಲಿ ನಾವು ರಾಜ್ಯಕ್ಕೇ ಮೊದಲು ಬಂದಾಗ ಕುಣಿದವಳು ನಾನಲ್ಲ, ನೀನು. ನವೆಂಬರ್ ಕೊನೆಗೆ ಪ್ರಾಗ್ ಎಂಬ ಊರಿನಲ್ಲಿ ಪಂದ್ಯಾವಳಿ ಇದೆ, ನಿಮ್ಮ ಜೋಡಿಯನ್ನು ಕಳಿಸುತ್ತೇವೆ ಎಂದು ಅಸೋಸಿಯೇಷನ್ನಿನವರು ಹೇಳಿದಾಗ, "ಈ ಕುದುರೆಮುಖದ ಗುಡ್ಡದಿಂದ ಆಚೆ ನಮ್ಮನ್ನ ಯಾರು ಕರ್ದಿದ್ರೇ ಗಿರಿಜಾ ಇಷ್ಟು ದಿನ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದ್ದೆ. ಆ ಹೆಂಗಸು ಎಲ್ಲಿ ಹೋದಳು? ವೀಸಾಕ್ಕೆ ಬೆರಳಚ್ಚು ಕೊಡಲು ನಾವೇ ಖುದ್ದಾಗಿ ಬೆಂಗಳೂರಿಗೆ ಹೋಗಬೇಕು. ಎರಡು ಸಲ ದಿನ ಗೊತ್ತುಮಾಡಿದೆ. ಮೊದಲನೇ ಸಲ ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ರಜೆ ಹಾಕಿದ್ದ. ಎರಡನೇ ಸಲ ಅಡಿಕೆಗೆ ಔಷಧಿ ಹೊಡೆಯುವವರು ಅವತ್ತೇ ಬಂದರು. ನಾನು ಬಸ್ ಸ್ಟ್ಯಾಂಡಿನಲ್ಲಿ ನಿನಗಾಗಿ ಇಡ್ಲಿ ಕಟ್ಟಿಸಿಕೊಂಡು ಕೂತಿದ್ದೆ. ಆಮೇಲೆ ನಾನೇ ತಿಂದೆ.

ಇರಲಿ, ದಾರಿಯ ವಿಚಾರಕ್ಕೆ ಬರುತ್ತೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಟಿಕೆಟ್ ಬುಕಿಂಗ್ ಮಾಡುವ ಕುಮಾರ್ ಗೊತ್ತಲ್ಲ, ಕಾಶಿಗೂ ದುಬೈಗೂ ಒಂದೇ ಮುಖ ಇಟ್ಟುಕೊಂಡು ಟಿಕೆಟ್ ತೆಗೆಯುವವರು, ಅವರು ನನಗೆ ಮೂರು ದಾರಿ ತೋರಿಸಿದ್ದಾರೆ.

ಒಂದು, ಬೆಂಗಳೂರಿನಿಂದ ದುಬೈ, ದುಬೈಯಿಂದ ಪ್ರಾಗ್. ಎಲ್ಲರೂ ಹೋಗುವ ದಾರಿ ಇದೇ ಅಂತೆ. ದುಬೈಯಲ್ಲಿ ಒಂದು ವಿಮಾನ ಇಳಿದು ಇನ್ನೊಂದು ಹತ್ತುವುದಕ್ಕೆ ನಡೆಯಬೇಕಾದ ದೂರವನ್ನು ಕುಮಾರ್ ಕೈ ಚಾಚಿ ತೋರಿಸಿದರು. ನನ್ನ ಮಂಡಿ ಅಲ್ಲೇ ಚುಳ್ ಎಂದಿತು. ಗಾಲಿಕುರ್ಚಿ ಕೊಡುತ್ತಾರಂತೆ. ಆಡಲು ಹೊರಟವರು ಗಾಲಿಕುರ್ಚಿಯಲ್ಲಿ ಹೋಗುವುದು ಚೆಂದವೇ, ನೀನೇ ಹೇಳು.

ಎರಡು, ಮಂಗಳೂರಿನಿಂದ. ನಿನಗೆ ಹತ್ತಿರ ಎಂದು ನಾನೇ ಕೇಳಿದೆ. ಕುದುರೆಮುಖದ ಘಾಟಿ ಇಳಿದು ಕಾರ್ಕಳದ ಮೇಲೆ ಹೋದರೆ ಬೆಂಗಳೂರಿನ ಸುತ್ತು ತಪ್ಪುತ್ತದೆ. ಆದರೆ ಆಮೇಲೆ ನಡುವೆ ಎರಡು ಕಡೆ ವಿಮಾನ ಬದಲಿಸಬೇಕು. ಅದಕ್ಕಿಂತ ಮುಖ್ಯವಾಗಿ, ಆ ಘಾಟಿಯ ತಿರುವುಗಳಲ್ಲಿ ನೀನು ವಾಂತಿ ಮಾಡದೆ ಇಳಿದ ದಿನವೇ ಇಲ್ಲ. ಯುರೋಪಿಗೆ ಹೊರಟವಳು ಕಾರ್ಕಳದಲ್ಲೇ ನಿಂಬೆಹಣ್ಣು ಮೂಸಿಕೊಂಡು ಮಲಗಬೇಕಾದೀತು. ಹಾಗಾಗಿ ಅದನ್ನು ಬಿಟ್ಟೆ.

ಮೂರನೆಯದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಇನ್ನೊಂದು ಮಾತಿದೆ, ಅದನ್ನು ಹೇಳದೆ ದಾರಿಯ ಮಾತಾಡಿ ಪ್ರಯೋಜನವಿಲ್ಲ.

ಗೌರಿ ಹಬ್ಬ ಕಳೆದ ಮೇಲೆ ನಿಮ್ಮ ಮನೆಗೆ ಬಂದಿದ್ದೆನಲ್ಲ. ನೀನು ಡಿಕಾಕ್ಷನ್ ಬಗ್ಗಿಸಿ, ಹಾಲು ಹುಯ್ದು, ಕಂಠಮಟ್ಟ ತುಂಬಿದ ಲೋಟ ತಂದು ನನ್ನ ಕೈಗೆ ಕೊಟ್ಟೆ. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಎದುರಿನ ಬೆಂಚಿನ ಮೇಲೆ ಕೂತು ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ. ಸೆರಗು ಅಲ್ಲಾಡುತ್ತಿತ್ತು. ಗಾಳಿ ಇರಲಿಲ್ಲ. ನಾನು ಕಾಫಿ ಕುಡಿಯುತ್ತಾ ನಿನ್ನ ತೋಟದ ಸುದ್ದಿ ಕೇಳಿದೆ, ನೀನು ಹೇಳಿದೆ, ನಮ್ಮಿಬ್ಬರ ಕಣ್ಣೂ ಆ ಸೆರಗನ್ನು ಬಿಟ್ಟು ಮನೆಯ ಮಿಕ್ಕೆಲ್ಲವನ್ನೂ ನೋಡಿತು. "ಬೋರ್ಡ್ ತೆಗಿಯೇ, ಒಂದು ಗೇಮ್ ಹಾಕೋಣ" ಎಂದೆ ನಾನು. "ಮಳೆಗೆ ಉಬ್ಬಿದೆ ಮಾರಾಯ್ತಿ, ಬಿಸಿಲು ಬೀಳ್ಲಿ" ಎಂದೆ ನೀನು. ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ಮಳೆಗಾಲದಲ್ಲಿ ಅದನ್ನು ಬಚ್ಚಲೊಲೆಯ ಪಕ್ಕ ಒರಗಿಸಿ, ಒಣಗಿಸಿ, ಪೌಡರು ಹಾಕಿ ಆಡಿದವರು ನಾವು. ಉಬ್ಬಿದ ಬೋರ್ಡು ನಿನಗೆ ಯಾವತ್ತಿನಿಂದ ನೆಪವಾಯಿತು?

ಬಸ್ಸಿಗೆ ಬಿಡಲು ಬಂದ ನಿನ್ನ ಸೊಸೆ ಹೇಳಿದಳು. "ಅತ್ತೆಗೆ ಏಪ್ರಿಲ್‌ನಿಂದ ನರದ ಡಾಕ್ಟ್ರ ಮಾತ್ರೆ ನಡೀತಾ ಉಂಟು ಆಂಟಿ. ನಿಮಗೆ ಮಾತ್ರ ಹೇಳ್ಬಾರ್ದು ಅಂತ ಆಣೆ ಹಾಕ್ಸಿದಾರೆ." ಸೌಮ್ಯಳನ್ನು ಬೈಯಬೇಡ. ಬಸ್ಸು ಬಂದರೂ ಅವಳ ಕೈ ಬಿಡದೆ ನಾನೇ ಬಾಯಿ ಬಿಡಿಸಿದ್ದು.

ಕಳಸ ದಾಟುವವರೆಗೂ ಅಳು ಬಂತು. ಆಮೇಲೆ ಸಿಟ್ಟು ಬಂತು, ಅದು ಇನ್ನೂ ಇದೆ. ಕಾಯಿಲೆ ಬಂದದ್ದಕ್ಕಲ್ಲ. ಊರಿಗೆಲ್ಲ ಹೇಳಿ ನನಗೊಬ್ಬಳಿಗೆ ಹೇಳದೆ ಇದ್ದೆಯಲ್ಲ, ಅದಕ್ಕೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಆಫೀಸಿನಲ್ಲಿ ನೀನೂ ನಾನೂ ಗುಮಾಸ್ತೆಯರಾಗಿ ಸೇರಿದ ವರ್ಷದಿಂದ ಎದುರುಬದುರು ಕೂತು ಆಡಿದ್ದೇವೆ. ಆಡುವಾಗ ಜೊತೆಗಾತಿಗೆ ಒಂದು ಮಾತು ಹೇಳುವಂತಿಲ್ಲ, ಹೇಳಿದರೆ ರೆಫರಿ ಗದರುತ್ತಾನೆ. ಹಾಗಾಗಿ ನಿನ್ನ ಹುಬ್ಬು ನೋಡಿ ನಾನು ಕಾಯಿ ಹೊಡೆದವಳು, ನನ್ನ ಉಸಿರು ಕೇಳಿ ನೀನು ರೆಡ್ ಬಿಟ್ಟು ಕರಿಯದಕ್ಕೆ ಹೋದವಳು. ಅಂಥವಳಿಂದ ಸೆರಗಿನೊಳಗೆ ಕೈ ಮುಚ್ಚಿಟ್ಟುಕೊಳ್ಳುತ್ತೀಯ?

ಈಗ ನನ್ನದೂ ಕೇಳು. ನನ್ನ ಎಡಗಣ್ಣಿಗೆ ಪೊರೆ ಬಂದಿದೆ. ನಿನ್ನ ಬಲಗಡೆಯ ಪಾಕೆಟ್ ನನಗೆ ಎರಡಾಗಿ ಕಾಣುತ್ತದೆ, ಯಾವುದು ನಿಜದ್ದು ಅನ್ನಿಸುತ್ತದೋ ಅದಕ್ಕೆ ಹೊಡೆಯುತ್ತೇನೆ. ಆಪರೇಷನ್ ಡಿಸೆಂಬರಿಗೆ ಇಟ್ಟುಕೊಂಡಿದ್ದೇನೆ. ಇದು ನಮ್ಮನೆಯವರಿಗೆ ಬಿಟ್ಟರೆ ನಿನಗೇ ಮೊದಲು ಹೇಳುತ್ತಿರುವುದು.

ಕರುಣೆಯಿಂದ ಕರೆಯುತ್ತಿದ್ದಾಳೆ ಎಂದು ನೀನು ತಿಳಿದುಕೊಂಡರೆ ನನಗೆ ಅವಮಾನ. ಬಳ್ಳಾರಿ ನೆನಪಿದೆಯಾ? ನಾವು ಮೊದಲ ಸಲ ಘಟ್ಟದ ಮಳೆ ಬಿಟ್ಟು ಒಣ ಊರಿಗೆ ಹೋಗಿ ಆಡಿದ್ದು. ಥಂಡಿಗೆ ಉಬ್ಬಿದ ಬೋರ್ಡಿನ ಮೇಲೆ ಕಾಯಿ ತಳ್ಳಿ ತಳ್ಳಿ ಅಭ್ಯಾಸವಾದ ಕೈ, ನನ್ನ ಮೊದಲ ಹೊಡೆತಕ್ಕೆ ಸ್ಟ್ರೈಕರ್ ಹಾರಿ ರೆಫರಿಯ ಮಡಿಲಿಗೆ ಬಿತ್ತು. ನೀನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಆ ರೆಫರಿ ಸ್ಟ್ರೈಕರ್ ವಾಪಸ್ ಕೊಡುತ್ತಾ, "ಮಳೀ ಕಡೆಯೋರೇನ್ರಿ? ಕೈ ಸ್ವಲ್ಪ ಹಗುರ ಮಾಡ್ರಿ ಅಮ್ಮಾ" ಎಂದ. ಒಂದೇ ಗೇಮಿನಲ್ಲಿ ನಿನ್ನ ಕೈ ಹಗುರವಾಯಿತು. ನನ್ನದು ಇವತ್ತಿನವರೆಗೂ ಆಗಿಲ್ಲ. ಒಣ ಊರುಗಳಲ್ಲಿ ನಾವು ಗೆದ್ದದ್ದೆಲ್ಲ ನಿನ್ನ ಬೆರಳಿನಿಂದ, ನಾನು ಎದುರು ಕೂತು ಗಟ್ಟಿಯಾಗಿ ಹೊಡೆದು ದಾರಿ ಬಿಡಿಸಿದೆ ಅಷ್ಟೇ.

ಪ್ರಾಗ್‌ನಲ್ಲಿ ನವೆಂಬರಿಗೆ ಹೊರಗೆ ಕೊರೆಯುವ ಚಳಿ, ಒಳಗೆ ಹಗಲೆಲ್ಲ ಹೀಟರ್ ಅಂತೆ. ಕುಮಾರ್ ಅವರ ತಂಗಿ ಆ ಕಡೆ ಇದ್ದು ಬಂದವಳು, ಒಳಗಿನ ಗಾಳಿಗೆ ತುಟಿ ಒಡೆಯುತ್ತದೆ ಎಂದಳು. ತುಟಿ ಒಡೆಯುವಷ್ಟು ಒಣಗಿದ ಹಾಲ್‌ನಲ್ಲಿ ಬೋರ್ಡು ಹೇಗಿರುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಬಲ ಬೇಡ, ಮುಟ್ಟಿದರೆ ಸಾಕು. ನೀನು ಎರಡು ಸಲ ವೀಸಾಕ್ಕೆ ಬಾರದ್ದು ನೋಡಿ, ನಿನ್ನ ಬದಲು ಶಿವಮೊಗ್ಗದ ಸಾವಿತ್ರಮ್ಮನವರನ್ನು ಜೊತೆ ಮಾಡಿಕೊಳ್ಳಿ ಎಂದು ಅಸೋಸಿಯೇಷನ್ನಿನವರು ಹೇಳಿದ್ದಾರೆ. ಒಳ್ಳೆಯ ಆಟಗಾರ್ತಿ, ಇಲ್ಲ ಅನ್ನುವುದಿಲ್ಲ. ಆದರೆ ಅವರದೂ ನನ್ನದೇ ಮಳೆಗಾಲದ ಕೈ. ನಾವಿಬ್ಬರೂ ಕೂತರೆ ಆ ಊರಿನ ಕಿಟಕಿ ಗಾಜು ಉಳಿಯುವುದಿಲ್ಲ. ಅದೂ ಅಲ್ಲದೆ ಅವರು ಬಾಯಿ ಮುಚ್ಚಿಕೊಂಡು ಒಂದು ಬೋರ್ಡ್ ಆಟ ಮುಗಿಸಿದ್ದನ್ನು ಯಾರೂ ಕಂಡಿಲ್ಲ.

ನಿನ್ನ ಕೈಯ ವಿಚಾರ ನಾನು ಕಂಡದ್ದನ್ನು ಹೇಳುತ್ತೇನೆ, ಡಾಕ್ಟರ ಮಾತು ಡಾಕ್ಟರಿಗಿರಲಿ. ಅವತ್ತು ಕಾಫಿ ಬಗ್ಗಿಸುವಾಗ ಅದು ನಡುಗಲಿಲ್ಲ. ಲೋಟ ಕೊಡುವಾಗ ನಡುಗಲಿಲ್ಲ. ನಾನು ಹೊರಟಾಗ ಹಣೆಗೆ ಕುಂಕುಮ ಇಟ್ಟೆಯಲ್ಲ, ಆಗಲೂ ಬೆರಳು ಸ್ಥಿರವಾಗಿತ್ತು. ಸುಮ್ಮನೆ ಮಡಿಲಲ್ಲಿ ಇಟ್ಟಾಗ ಮಾತ್ರ ನಡುಗಿತು. ಕೆಲಸವಿಲ್ಲದಾಗ ನಡುಗುವ ಕೈಯನ್ನು ನೀನು ಏಪ್ರಿಲಿನಿಂದ ಕೆಲಸವಿಲ್ಲದೆ ಕೂರಿಸಿದ್ದೀಯ. ಆ ವೀಸಾ ಆಫೀಸಿನಲ್ಲಿ ಗಾಜಿನ ಮೇಲೆ ಬೆರಳು ಅಲುಗದಂತೆ ಇಡಬೇಕು ಎಂದು ನಾನು ಫೋನಿನಲ್ಲಿ ಹೇಳಿದ್ದೆ. ಅದಕ್ಕೇ ತಾನೇ ನೀನು ಬಾರದ್ದು? ಒತ್ತಿ ಹಿಡಿಯುವುದೂ ಒಂದು ಕೆಲಸವೇ ಮಾರಾಯ್ತಿ. ಅಲುಗಿದರೆ ಇನ್ನೊಂದು ಸಲ ಇಟ್ಟರಾಯಿತು, ನಾನು ಪಕ್ಕದಲ್ಲೇ ಇರುತ್ತೇನೆ. ಆಟದಲ್ಲಿ ಅಲುಗಿದರೆ ಸೋಲುತ್ತೇವೆ. ಸೋತು ನಮಗೆ ಅಭ್ಯಾಸವಿಲ್ಲವೇ? ದಾವಣಗೆರೆಯಲ್ಲಿ ಸೋತು ಬೆಣ್ಣೆ ದೋಸೆ ತಿಂದು ಬರಲಿಲ್ಲವೇ?

ಮುಂದಿನ ಗುರುವಾರಕ್ಕೆ ಮೂರನೇ ಸಲ ದಿನ ತೆಗೆದಿದ್ದೇನೆ. ಇದು ತಪ್ಪಿದರೆ ನವೆಂಬರಿಗೆ ವೀಸಾ ಸಿಗುವುದಿಲ್ಲ ಎಂದು ಕುಮಾರ್ ಸ್ಪಷ್ಟವಾಗಿ ಹೇಳಿದ್ದಾರೆ. ಬುಧವಾರ ಬೆಳಗಿನ ಬಸ್ಸಿಗೆ ಬಾ, ನಮ್ಮನೆಯಲ್ಲಿ ಊಟ ಮಾಡಿ ಬೆಂಗಳೂರಿಗೆ ಹೋಗೋಣ. ನೀನು ಬರದಿದ್ದರೆ ನಾನೂ ಹೋಗುವುದಿಲ್ಲ. ಇದು ಬೆದರಿಕೆಯಲ್ಲ. ಬೇರೆಯವರ ಎದುರು ಕೂತು ಅವರ ಹುಬ್ಬು ಕಲಿಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ನೀನು ಬೇಡ ಅಂದರೆ ನಾನು ಮತ್ತೆ ಒತ್ತಾಯಿಸುವುದಿಲ್ಲ, ಕಣ್ಣಿನ ಆಪರೇಷನ್ ನವೆಂಬರಿನಲ್ಲೇ ಮಾಡಿಸಿಕೊಂಡು ಮನೆಯಲ್ಲಿರುತ್ತೇನೆ. ನೀನು ಹೇಗಿದ್ದರೂ ನನ್ನ ವಿಶಾಲುವೇ.

ಇನ್ನು ಮೂರನೇ ದಾರಿ. ಬೆಂಗಳೂರಿನಿಂದ ನೇರ ಮ್ಯೂನಿಕ್‌ಗೆ ಒಂದೇ ವಿಮಾನ, ಅಲ್ಲಿಂದ ಪ್ರಾಗ್‌ಗೆ ರೈಲು. ಸುಮಾರು ಆರು ಗಂಟೆಯ ಪ್ರಯಾಣ. ಕುಮಾರ್‌ಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. "ಅಷ್ಟು ದೂರ ಹಾರಿ ಹೋಗಿ ಮತ್ತೆ ರೈಲಾ ಅಮ್ಮಾ, ಸುಮ್ನೆ ಸುತ್ತು" ಎಂದರು. ನಾನು ಇದನ್ನೇ ಹಿಡಿದುಕೊಂಡಿದ್ದೇನೆ. ಯಾಕೆಂದರೆ ವಿಮಾನಗಳಲ್ಲೆಲ್ಲ ಪಕ್ಕಪಕ್ಕ ಕೂರಬೇಕು, ಮುಂದಿನವರ ತಲೆ ನೋಡಿಕೊಂಡು. ಆ ರೈಲಿನಲ್ಲಿ ಎದುರುಬದುರು ಸೀಟುಗಳಿವೆಯಂತೆ, ನಡುವೆ ಒಂದು ಮೇಜು. ಅಂಥ ಎರಡು ಸೀಟು ನೋಡಿಟ್ಟಿದ್ದೇನೆ. ನೀನು ಕೈಯನ್ನು ಮೇಜಿನ ಮೇಲೆ ಇಡು, ನಡುಗಿದರೆ ನಡುಗಲಿ.

ನಿನ್ನ ಕೈಗೆ ಯಾವತ್ತೂ ಕೆಲಸ ತಪ್ಪದಿರಲಿ.

ನಿನ್ನ ಎದುರಿಗೆ ಕೂರುವವಳು,
ಗಿರಿಜೆ